ಟಿವಿಗೆ ಹೊದಿಸಿದ ಬೆಡ್‌ಶೀಟು

ಆ ಶನಿವಾರದ ಮಧ್ಯಾಹ್ನ ನೆನಪಾದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಪಾಠ ಹೇಳುವವರ ಬದುಕಿನಲ್ಲಿ ಅಂಥ ಆಘಾತಗಳೇನೂ ಇರುವುದಿಲ್ಲ. ಚೆನ್ನಾಗಿ ಓದುತ್ತಿದ್ದವರು ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದರೆ, ಹೇಳಿಕೊಟ್ಟದ್ದನ್ನೆಲ್ಲ ಪರೀಕ್ಷೆಯಲ್ಲಿ ತಲೆಕೆಳಗು ಬರೆದು ಬಂದರೆ ಒಂದು ದಿನ ತಲೆಬಿಸಿ, ಅಷ್ಟೇ. ಆದರೆ ನನ್ನದೇ ಮನೆಯ ಮಹಡಿಯಲ್ಲಿ, ನನ್ನದೇ ಟಿವಿಯೊಳಗಿಂದ, ನಾನೇ ಕೈಯಾರೆ ಕಟ್ಟಿದ ಬೆಡ್‌ಶೀಟಿನ ಹಿಂದಿನಿಂದ ಒಂದು ಸಂಸಾರದ ಗುಟ್ಟು ರಟ್ಟಾಗುತ್ತದೆ, ಅದನ್ನು ಆ ಸಂಸಾರದವರನ್ನೂ ಎದುರಿಗೆ ಕೂರಿಸಿಕೊಂಡು ಕೇಳಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಜಯನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ಫ್ರೆಂಚ್ ಪಾಠ ಹೇಳುತ್ತೇನೆ. ವಾರದ ದಿನಗಳಲ್ಲಿ ಬರುವವರು ಪಿಯುಸಿ ಮಕ್ಕಳು. ಆ ಮಕ್ಕಳಿಗೆ ಫ್ರಾನ್ಸ್ ಎಲ್ಲಿದೆ ಎನ್ನುವುದೂ ಬೇಕಿಲ್ಲ. ಎರಡನೇ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡರೆ ಮಾರ್ಕ್ಸು ಚೆನ್ನಾಗಿ ಬೀಳುತ್ತದೆ ಎಂದು ಯಾರೋ ಹೇಳಿದ್ದಾರೆ, ಬಂದಿದ್ದಾರೆ. "ಮ್ಯಾಮ್, ಇದು ಎಕ್ಸಾಮಿಗೆ ಬರುತ್ತಾ?" ಎನ್ನುವ ಪ್ರಶ್ನೆ ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ. ಶನಿವಾರ ಮಧ್ಯಾಹ್ನದ್ದು ಮಾತ್ರ ದೊಡ್ಡವರ ಬ್ಯಾಚು. ಅವರು ಭಾಷೆ ಬೇಕು ಎಂದೇ ಬರುವವರು. ಅವರ ಮುಂದೆ ನನ್ನ ಸಿಟ್ಟು ಅರ್ಧಕ್ಕರ್ಧ ಇಳಿಯುತ್ತದೆ.

ನನ್ನ ಪಾಠವೆಲ್ಲ ವಿಡಿಯೊದಲ್ಲೇ. ಫ್ರಾನ್ಸಿನ ಯಾವುದೋ ಸಣ್ಣ ಊರಿನ ಸಂತೆ, ಬ್ರೆಡ್ ಅಂಗಡಿಯ ಮುಂದಿನ ಕ್ಯೂ, ಊಟದ ಮೇಜಿನಲ್ಲಿ ತಾಯಿ ಮಗಳ ಜಗಳ, ಹೀಗೆ ಎರಡು ಮೂರು ನಿಮಿಷದ ತುಣುಕುಗಳು. ಒಂದೊಂದನ್ನೂ ಮೂರು ಸುತ್ತು ಹಾಕುತ್ತೇನೆ. ಮೊದಲನೇ ಸುತ್ತಿನಲ್ಲಿ ಶಬ್ದ ಬಂದ್. ಬರೀ ಮುಖ, ಕೈ, ಕಣ್ಣು ನೋಡಿ ಅವರು ಏನು ಮಾತಾಡುತ್ತಿರಬಹುದು ಎಂದು ಊಹಿಸಬೇಕು. ಎರಡನೇ ಸುತ್ತಿನಲ್ಲಿ ಚಿತ್ರ ಬಂದ್. ಅದಕ್ಕೆ ನನ್ನ ಹತ್ತಿರ ಒಂದು ಹಳೆಯ ಹೂವಿನ ಬೆಡ್‌ಶೀಟಿದೆ, ಅದನ್ನು ಬಟ್ಟೆ ಕ್ಲಿಪ್ಪು ಹಾಕಿ ಟಿವಿಗೆ ಹೊದಿಸುತ್ತೇನೆ. ಆಗ ಎಲ್ಲರೂ ಕಣ್ಣುಮುಚ್ಚಿ ಕಿವಿಯಿಂದಷ್ಟೇ ಕೇಳಬೇಕು, ಮುಗಿಯುವ ತನಕ ಯಾರೂ ತುಟಿಪಿಟಕ್ಕೆನ್ನಬಾರದು. ಮುಖ ಕಾಣುತ್ತಿದ್ದರೆ ಕಿವಿ ಸೋಮಾರಿಯಾಗುತ್ತದೆ ಎನ್ನುವುದು ನನ್ನ ಅನುಭವ. ಮೂರನೇ ಸುತ್ತಿನಲ್ಲಿ ಬೆಡ್‌ಶೀಟು ತೆಗೆದು ಎರಡನ್ನೂ ಕೂಡಿಸುವುದು. ಒಮ್ಮೆ ಪಕ್ಕದ ಮನೆಯ ಆಂಟಿ ಏನೋ ಕೇಳಲು ಮೇಲೆ ಬಂದವರು ನೋಡಿ, "ಏನ್ರೀ ಇದು, ನಿಮ್ಮ ಟಿವಿಗೂ ಚಳಿಯಾ?" ಎಂದು ಕೇಳಿದ್ದರು.

ಬ್ಯಾಚು ಮುಗಿಯುವ ಹೊತ್ತಿಗೆ ನಮ್ಮಲ್ಲಿ ಒಂದು ಮನೆಯವರ ದಿನ ಇರುತ್ತದೆ. ಪ್ರತಿಯೊಬ್ಬರೂ ತಮ್ಮ ಮನೆಯ ಬಗ್ಗೆ ಫ್ರೆಂಚಿನಲ್ಲಿ ಮಾತಾಡುತ್ತ ಎರಡು ನಿಮಿಷದ ವಿಡಿಯೊ ಮಾಡಿ ತರಬೇಕು. ಅಪ್ಪ, ಅಮ್ಮ, ಗಂಡ, ಹೆಂಡತಿ, ಯಾರಿದ್ದರೂ ಕರೆತರಬೇಕು. ಆ ವಿಡಿಯೊಗಳನ್ನೂ ಹೀಗೇ ಮೂರು ಸುತ್ತು ಹಾಕುತ್ತೇವೆ. ನಾನು ಅವನ್ನು ಮೊದಲೇ ನೋಡುವುದಿಲ್ಲ. ಎಲ್ಲರ ಜೊತೆ ನನಗೂ ಅದು ಹೊಸದಾಗಿರಲಿ ಎಂದು ಆಸೆ. ಬಂದವರಿಗೆ ಫ್ರೆಂಚ್ ಒಂದಕ್ಷರ ತಿಳಿಯದಿದ್ದರೂ ತಮ್ಮ ಮನೆ ಟಿವಿಯಲ್ಲಿ ಬಂದಿತಲ್ಲ ಎನ್ನುವ ಸಂಭ್ರಮದಲ್ಲಿ ಕೂತಿರುತ್ತಾರೆ.

ವಿದ್ಯಾರ್ಥಿಗಳನ್ನು ನಾನು ಅವರವರ ಏರಿಯಾದ ಹೆಸರಿನಿಂದಲೇ ಕರೆಯುವುದು. ಆ ಬ್ಯಾಚಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಚಿಕ್ಕಲಸಂದ್ರ. ಮೂವತ್ತು ದಾಟಿದ ಗೃಹಿಣಿ. ಮದುವೆಗೆ ಮುಂಚೆ ಯಾವುದೋ ಪುಟ್ಟ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳಂತೆ. ಮದುವೆಯಾದ ಮೇಲೆ ಅದನ್ನು ಬಿಟ್ಟಳು, ಎಂ.ಎ. ಮಾಡಬೇಕೆಂದುಕೊಂಡದ್ದನ್ನೂ ಬಿಟ್ಟಳು. ಯಾಕೆ ಎಂದು ನಾನು ಕೇಳಿದಾಗ, "ಅತ್ತೆಗೆ ಇಷ್ಟ ಇರ್ಲಿಲ್ಲ ಮೇಡಂ" ಎಂದು ಚುಟುಕಾಗಿ ಮುಗಿಸಿದ್ದಳು. ಈಗ ಕನಕಪುರ ರಸ್ತೆ ಕಡೆಯ ಒಂದು ಶಾಲೆಯವರು ಅವಳಿಗೆ ಮಾತು ಕೊಟ್ಟಿದ್ದರು. ಫ್ರೆಂಚಿನ ದೊಡ್ಡ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟು ತಂದರೆ ಜೂನ್‌ನಿಂದ ಕೆಲಸ, ತರದಿದ್ದರೆ ಬೇರೆಯವರಿಗೆ. ಆ ಪರೀಕ್ಷೆಗೆ ಹೆಸರು ನೋಂದಾಯಿಸಲು ಕೊನೆಯ ದಿನ, ನಮ್ಮ ಮನೆಯವರ ದಿನ ಕಳೆದು ಬರುವ ಸೋಮವಾರ. "ನಿಂದು ಆಯ್ತೇನಮ್ಮಾ?" ಎಂದು ನಾನು ವಿಚಾರಿಸಿದ್ದೆ. "ನಮ್ಮನೆಯವರು ಅಂಗಡಿ ಕಂಪ್ಯೂಟರಲ್ಲೇ ಮಾಡ್ಸಿದಾರೆ ಮೇಡಂ" ಎಂದಿದ್ದಳು.

ಅವಳ ಗಂಡನನ್ನು ಕಂಡರೆ ನನಗೆ ಬಹಳ ಮೆಚ್ಚುಗೆ. ಚಿಕ್ಕಲಸಂದ್ರದಲ್ಲಿ ಅವರಿಗೆ ಒಂದು ಎಲೆಕ್ಟ್ರಿಕಲ್ ಅಂಗಡಿ. ಪ್ರತಿ ಶನಿವಾರ ವ್ಯಾಪಾರದ ಹೊತ್ತಿನಲ್ಲಿ ಶಟರ್ ಎಳೆದು ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತಂದು ಬಿಟ್ಟು, ಪಾಠ ಮುಗಿಯುವವರೆಗೂ ಮೂಲೆಯ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತ ಕಾಯುತ್ತಿದ್ದರು. ಮಳೆ ಬಂದರೆ ರೇನ್‌ಕೋಟು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿರುತ್ತಿದ್ದರು. ಮೊದಲ ಪಾಠದಲ್ಲಿ ಫ್ರೆಂಚಿನಲ್ಲಿ ಗಂಡನಿಗೆ ಮಾರಿ ಎನ್ನುತ್ತಾರೆ ಎಂದಾಗ ಇಡೀ ಕ್ಲಾಸು ಹೊಟ್ಟೆ ಹುಣ್ಣಾಗುವಂತೆ ನಕ್ಕಿತ್ತು. ಚಿಕ್ಕಲಸಂದ್ರ ಮಾತ್ರ, "ನಮ್ಮನೇಲಿ ಮಾರಿ ಪಾಪ, ಅತ್ತೆದೇ ಭಯ" ಎಂದಿದ್ದಳು. ನಾನೂ ಹಾಗೇ ನಂಬಿದ್ದೆ. ಪ್ರತಿ ಹಬ್ಬಕ್ಕೆ ಆ ಅತ್ತೆ ನನಗೆಂದು ಕೋಡುಬಳೆ ಕಳಿಸುತ್ತಿದ್ದರೂ, ಕೋಡುಬಳೆ ಚೆನ್ನಾಗಿದೆ, ಮನಸ್ಸು ಹೇಗೋ ಎಂದುಕೊಂಡು ತಿನ್ನುತ್ತಿದ್ದೆ.

ಮನೆಯವರ ದಿನ ಬಂತು. ಅತ್ತೆಯೂ ಬಂದಿದ್ದರು. ಹಣೆಯಲ್ಲಿ ವಿಭೂತಿ, ಮದುವೆಮನೆಗೆ ಹೊರಟವರ ಹಾಗೆ ರೇಷ್ಮೆ ಸೀರೆ, ಮಡಿಲಲ್ಲಿ ಕೋಡುಬಳೆಯ ಸ್ಟೀಲ್ ಡಬ್ಬಿ. ಹಿರಿಯರೆಂದು ನಾನು ಅವರನ್ನು ಎದುರಿನ ಬೆತ್ತದ ಕುರ್ಚಿಯಲ್ಲಿ ಕೂರಿಸಿದೆ. ಮಗ ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿ ಹಿಡಿದರು. ಲ್ಯಾಪ್‌ಟಾಪ್ ನೋಡಿಕೊಳ್ಳುವ ಕೆಲಸ ಯಾವಾಗಲೂ ಗೊಟ್ಟಿಗೆರೆಯದು. ಅವನು ಆಗತಾನೇ ಇಂಜಿನಿಯರಿಂಗ್ ಮುಗಿಸಿದವನು, ಬಾಯಿ ಸುಮ್ಮನಿರದ ಹುಡುಗ.

ಮೂರು ನಾಲ್ಕು ವಿಡಿಯೊ ಆದವು. ಪ್ರತಿಯೊಂದಕ್ಕೂ ಮೂರು ಸುತ್ತು, ಚಪ್ಪಾಳೆ, ಒಂದಿಷ್ಟು ಕಾಲೆಳೆಯುವುದು. ಎರಡನೇ ಸುತ್ತಿಗೆ ನಾನು ಬೆಡ್‌ಶೀಟು ಹೊದಿಸಿದಾಗಲೆಲ್ಲ ಅತ್ತೆ ಶ್ರದ್ಧೆಯಿಂದ ಕಣ್ಣುಮುಚ್ಚಿ ಕೈಮುಗಿದುಕೊಂಡೇ ಕೂರುತ್ತಿದ್ದರು. ನನಗೆ ನಗು ತಡೆಯುವುದೇ ಕಷ್ಟವಾಗಿತ್ತು.

ಆಮೇಲೆ ಚಿಕ್ಕಲಸಂದ್ರದ ಸರದಿ. ಮೊದಲನೇ ಸುತ್ತು, ಶಬ್ದವಿಲ್ಲ. ಅಚ್ಚುಕಟ್ಟಾದ ಹಾಲ್, ಗೋಡೆಗೆ ಬ್ಯಾಂಕಿನ ಕ್ಯಾಲೆಂಡರು, ಶೋಕೇಸಿನಲ್ಲಿ ಗೊಂಬೆಗಳು. ನಡುವೆ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತ ಚಿಕ್ಕಲಸಂದ್ರ ಕೈಯಾಡಿಸುತ್ತ ನಗುನಗುತ್ತ ಮಾತಾಡುತ್ತಿದ್ದಾಳೆ. ಆ ಇಯರ್‌ಫೋನೂ ನಾನೇ ಹೇಳಿಕೊಟ್ಟ ಅಭ್ಯಾಸ. ಒಂದು ಫೋನಿನಲ್ಲಿ ನನ್ನ ಮಾದರಿ ವಾಕ್ಯಗಳನ್ನು ಕಿವಿ ತುಂಬ ಕೇಳುತ್ತ, ಅದೇ ಧಾಟಿಯನ್ನು ಹಿಡಿದು ಮಾತಾಡಬೇಕು, ಇನ್ನೊಂದು ಫೋನು ಎದುರಿಗೆ ನಿಂತು ಅದನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಹಾಗೆ ಕೂತವರಿಗೆ ಪಕ್ಕದಲ್ಲಿ ಕುಕ್ಕರ್ ಕೂಗಿದರೂ ಕೇಳಿಸುವುದಿಲ್ಲ. ಎಲ್ಲರ ಮನೆಯವರಿಗೂ ಇದು ಚೆನ್ನಾಗಿ ಗೊತ್ತು. ಅವಳ ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು. ಅಲ್ಲಿ ನೀಲಿ ಚೌಕಳಿ ಅಂಗಿಯ ಒಂದು ಮೊಣಕೈ ಆಗಾಗ ಕಾಣಿಸುತ್ತಿತ್ತು.

"ಅಣ್ಣ, ನೀವೇ ಅಲ್ವಾ ಅದು? ಪಾತ್ರೆ ತೊಳೀತಿದ್ರಾ?" ಎಂದ ಗೊಟ್ಟಿಗೆರೆ.

ಎಲ್ಲರೂ ಹೋ ಎಂದರು. ಅತ್ತೆಯೂ ನಕ್ಕರು. ಅವರ ಮಗನೂ ನಗಲು ಹೋದವರು ನಗು ಪೂರ್ತಿಯಾಗುವ ಮೊದಲೇ ಎದ್ದು ನಿಂತರು.

"ಮೇಡಂ, ನಾವಿನ್ನು ಬರ್ತೀವಿ. ಅಂಗಡಿ ತೆಗೀಬೇಕು, ಲೇಟಾಯ್ತು."

"ಕೂತ್ಕೊಳ್ಳಿ ಸಾರ್. ನಿಮ್ಮ ಮನೆಯವರದ್ದೇ ನಡೀತಿದೆ, ಈಗೆಲ್ಲಿ ಹೋಗ್ತೀರಾ?" ಎಂದು ಮೇಷ್ಟರ ದನಿಯಲ್ಲಿ ಗದರಿ ನಾನು ಬೆಡ್‌ಶೀಟು ಹೊದಿಸಿದೆ. ಅವರು ಕೂತರು. ಎಲ್ಲರೂ ಕಣ್ಣುಮುಚ್ಚಿದರು. ಗೊಟ್ಟಿಗೆರೆ ಶಬ್ದವನ್ನು ಪೂರ್ತಿ ಏರಿಸಿದ.

ಚಿಕ್ಕಲಸಂದ್ರದ ಫ್ರೆಂಚ್ ಸೊಗಸಾಗಿ ಹರಿಯಿತು. ಇದು ನಮ್ಮ ಹಾಲ್, ಅದು ನಮ್ಮ ಅತ್ತೆಯ ಕುರ್ಚಿ, ಅದರಲ್ಲಿ ಬೇರೆ ಯಾರೂ ಕೂರುವಂತಿಲ್ಲ. ನಾನು ತಲೆದೂಗಿದೆ. ಅಷ್ಟರಲ್ಲಿ ಆ ಫ್ರೆಂಚಿನ ಹಿಂದಿನಿಂದ, ಸ್ವಲ್ಪ ದೂರದಿಂದ, ಆದರೆ ಒಂದೊಂದು ಮಾತೂ ಸ್ಪಷ್ಟವಾಗಿ, ಕನ್ನಡ ಕೇಳಿಸಿತು. ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದ ಗಂಡಸಿನ ದನಿ.

"ಇಲ್ಲ ಕಣಕ್ಕಾ, ನಾನು ರಿಜಿಸ್ಟರೇ ಮಾಡ್ಸಿಲ್ಲ. ಮಾಡ್ಸಿದೀನಿ ಅಂತ ಹೇಳಿದೀನಿ ಅಷ್ಟೇ."

ನನ್ನ ಕಣ್ಣು ತಟ್ಟನೆ ತೆರೆಯಿತು. ಕಣ್ಣೆದುರು ಬೆಡ್‌ಶೀಟಿನ ಹೂವುಗಳು ಬಿಟ್ಟರೆ ಏನೂ ಇಲ್ಲ. ಮುಂದೆ ಚಿಕ್ಕಲಸಂದ್ರ ಉಲ್ಲಾಸದಿಂದ ನನ್ನ ಗಂಡ ನನಗೆ ತುಂಬಾ ಸಹಾಯ ಮಾಡುತ್ತಾರೆ ಎಂದು ಫ್ರೆಂಚಿನಲ್ಲಿ ಹೇಳುತ್ತಿದ್ದಳು. ಹಿಂದಿನ ದನಿ ನಿಲ್ಲಲಿಲ್ಲ.

"ಪಾಠಕ್ಕೆ ಹೋಗಿ ಬರ್ಲಿ, ಅವಳಿಗೂ ಖುಷಿ. ಕೆಲ್ಸಕ್ಕೆ ಅಂತ ಒಂದ್ಸಲ ಸೇರಿದ್ರೆ ಆಮೇಲೆ ಹಿಡಿಯೋಕಾಗುತ್ತಾ? ಡೇಟ್ ಮುಗಿದ್ಮೇಲೆ ಸೀಟ್ ಫುಲ್ ಆಗೋಯ್ತು ಅಂತೀನಿ... ಜಗಳ ಎಲ್ಲಾ ಆಗಲ್ಲ ಬಿಡು. ಜಾಸ್ತಿ ಕೇಳಿದ್ರೆ ಅಮ್ಮಂಗೆ ಇಷ್ಟ ಇಲ್ಲ ಅಂದ್ರೆ ಮುಗೀತು. ಎಂ.ಎ. ಟೈಮಲ್ಲೂ ಹಾಗೇ ಅಲ್ವಾ ಹೇಳಿದ್ದು? ಅಮ್ಮನ ಹತ್ರ ಹೋಗಿ ಕೇಳೋಳಲ್ಲ ಅವಳು."

ನಿಲ್ಲಿಸು ಎಂದು ಗೊಟ್ಟಿಗೆರೆಗೆ ಹೇಳಬೇಕು, ಬಾಯಿ ತೆರೆಯುತ್ತಿಲ್ಲ. ಅವನೂ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ಕಲ್ಲಾಗಿದ್ದ. ಮುಗಿಯುವ ತನಕ ಯಾರೂ ಮಾತಾಡಬಾರದು ಎನ್ನುವ ನನ್ನ ಕಟ್ಟುನಿಟ್ಟನ್ನು ಆ ದಿನ ಎಲ್ಲರೂ ಎಷ್ಟು ಪಾಲಿಸಿದರೆಂದರೆ, ಒಬ್ಬರೂ ಕೆಮ್ಮಲಿಲ್ಲ. ರೆಕಾರ್ಡ್ ಆಗುತ್ತಿದೆ ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲವೇ ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಗೊತ್ತಿತ್ತು. ಆದರೆ ಹೆಂಡತಿ ರೆಕಾರ್ಡ್ ಮಾಡುತ್ತಿರುವುದು ಫ್ರೆಂಚು. ಫೋನಿಗೆ ಫ್ರೆಂಚಷ್ಟೇ ಕೇಳಿಸುತ್ತದೆ ಎಂದು ಆತ ನಂಬಿದ್ದಿರಬೇಕು. ನಮ್ಮಲ್ಲಿ ಮುಂದೆ ಒಂದು ದೊಡ್ಡ ಭಾಷೆ ನಡೆಯುತ್ತಿದ್ದರೆ, ಹಿಂದಿನ ಕನ್ನಡ ಯಾರ ಕಿವಿಗೂ ಬೀಳುವುದಿಲ್ಲ ಎನ್ನುವ ಭರವಸೆ ಎಲ್ಲರಿಗೂ ಇದೆ.

ವಿಡಿಯೊ ಮುಗಿಯಿತು. ಅತ್ತೆ ಇನ್ನೂ ಕೈಮುಗಿದುಕೊಂಡೇ ಇದ್ದರು, ಕಣ್ಣು ಮಾತ್ರ ಅಗಲವಾಗಿ ತೆರೆದಿತ್ತು. ನಾನು ಚಿಕ್ಕಲಸಂದ್ರದ ಕಡೆ ನೋಡಲಾರದೆ ನೆಲ ನೋಡಿದೆ. ಪಾಪ, ಹೀಗೆ ನಾಲ್ಕು ಜನರ ಮುಂದೆ ಅವಳಿಗೆ ಗೊತ್ತಾಗಬೇಕಿತ್ತೇ ಎಂದು ಸಂಕಟವಾಯಿತು.

"ಮ್ಯಾಮ್... ಮುಂದಿನವರದ್ದು ಹಾಕ್ಲಾ?" ಗೊಟ್ಟಿಗೆರೆ ಪಿಸುಗುಟ್ಟಿದ.

"ಯಾಕಪ್ಪಾ?" ಎಂದರು ಅತ್ತೆ. ದನಿ ಏರಿಸಲಿಲ್ಲ. "ಎಲ್ಲರದ್ದೂ ಮೂರು ಸಲ ಹಾಕಿದ್ರಿ. ನಮ್ಮದಕ್ಕೆ ಮಾತ್ರ ಎರಡೇ ಸಲನಾ?"

"ಅಮ್ಮಾ, ನಡಿ ಹೋಗೋಣ" ಎಂದು ಮಗ ಎದ್ದರು.

"ಕೂತ್ಕೋ. ಮೇಡಂ, ಆ ಬೆಡ್‌ಶೀಟ್ ತೆಗೀರಿ."

ನಾನು ಕ್ಲಿಪ್ಪುಗಳನ್ನು ಬಿಚ್ಚಿ ಬೆಡ್‌ಶೀಟು ತೆಗೆದೆ. ಮೂರನೇ ಸುತ್ತು ಶುರುವಾಯಿತು. ಈಗ ಎಲ್ಲ ಕೂಡಿತು. ಮುಂದೆ ಅವಳ ನಗು, ಹಿಂದೆ ನೀಲಿ ಚೌಕಳಿಯ ಮೊಣಕೈ. ಅಮ್ಮಂಗೆ ಇಷ್ಟ ಇಲ್ಲ ಅಂದ್ರೆ ಮುಗೀತು ಎನ್ನುವಾಗ ಆ ಕೈ ಹಗುರಾಗಿ ಗಾಳಿಯಲ್ಲಿ ಒಮ್ಮೆ ಬೀಸಿತು, ನೊಣ ಓಡಿಸಿದ ಹಾಗೆ. ಅದೇ ಅಂಗಿಯನ್ನು ಅವರು ಆ ದಿನವೂ ಹಾಕಿಕೊಂಡು ಬಂದಿದ್ದರು. ಯಾರೂ ತಿರುಗಿ ಅವರ ಮುಖ ನೋಡಲಿಲ್ಲ. ನನಗೆ ಮಾತ್ರ ಆ ರೇನ್‌ಕೋಟು, ಆ ದರ್ಶಿನಿಯ ಕಾಫಿ, ನಾನು ಬೇರೆಯವರಿಗೆಲ್ಲ ಅವರನ್ನು ಹೊಗಳಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಕೂಗಾಡುವ ಗಂಡಂದಿರನ್ನು ನಾನು ನೋಡಿದ್ದೇನೆ. ಇಷ್ಟು ಮೆತ್ತಗೆ, ಇಷ್ಟು ನಗುತ್ತ, ಅಮ್ಮನ ಹೆಸರಿನಲ್ಲಿ ಬಾಗಿಲು ಹಾಕುವವರನ್ನು ನೋಡಿರಲಿಲ್ಲ.

ಅತ್ತೆ ಸೊಸೆಯ ಕಡೆ ತಿರುಗಿದರು. "ಎಂ.ಎ. ಬೇಡ ಅಂತ ನಾನ್ ಹೇಳಿದ್ನಾ?"

"ಹಾಗಂತ ಹೇಳಿದ್ರು ಅತ್ತೆ."

"ಸ್ಕೂಲ್ ಬಿಟ್ಟಿದ್ದು?"

"ಅದೂ ಹಾಗೇ ಹೇಳಿದ್ರು."

"ನಿಂಗೇ ಬೇಜಾರಾಗಿ ಬಿಟ್ಟೆ ಅಂತಲ್ವಾ ಇವನು ನಂಗೆ ಹೇಳಿದ್ದು?" ಎಂದರು ಅತ್ತೆ. ಮಗ ಅಮ್ಮಾ ಎಂದು ಏನೋ ಹೇಳಲು ಹೊರಟರು. ಅತ್ತೆ ಅವರ ಕಡೆ ನೋಡಲೂ ಇಲ್ಲ, ಕೈಯೆತ್ತಿ ತಡೆದರು.

ನನಗೆ ಅಷ್ಟರಲ್ಲಿ ಸೋಮವಾರ ನೆನಪಾಯಿತು. ಅಳುವುದು, ಜಗಳ ಎಲ್ಲ ಆಮೇಲೆ, ಮೊದಲು ಪರೀಕ್ಷೆ. "ಗೊಟ್ಟಿಗೆರೆ, ಆ ವೆಬ್‌ಸೈಟ್ ತೆಗಿ. ಇವತ್ತೇ, ಇಲ್ಲೇ ಅವಳ ಹೆಸರು ಹಾಕೋಣ" ಎಂದು ಲ್ಯಾಪ್‌ಟಾಪಿನ ಕಡೆ ನುಗ್ಗಿದೆ.

"ಬೇಡ ಮೇಡಂ," ಎಂದಳು ಚಿಕ್ಕಲಸಂದ್ರ. "ನಿನ್ನೆ ನಾನೇ ಮಾಡ್ಸಿದೀನಿ."

ನಾನು ಅವಳನ್ನು ಆಗ ಸರಿಯಾಗಿ ನೋಡಿದೆ. ಮುಖದಲ್ಲಿ ಗಾಬರಿಯೇ ಇರಲಿಲ್ಲ. ಆ ಕೋಣೆಯಲ್ಲಿ ಬೆಚ್ಚಿಬೀಳದೆ ಕೂತವಳು ಅವಳೊಬ್ಬಳೇ.

"ನಿಂಗೆ... ಗೊತ್ತಿತ್ತಾ?"

"ನೀವೇ ಹೇಳಿಕೊಟ್ಟಿದ್ದಲ್ವಾ ಮೇಡಂ. ನಮ್ಮ ವಿಡಿಯೊ ಕಳ್ಸೋಕೆ ಮುಂಚೆ ನಾವೇ ಮೂರು ಸಲ ಹಾಕ್ಕೊಂಡು ನೋಡ್ಬೇಕು ಅಂತ. ಎರಡನೇ ಸಲ ಫೋನ್ ಮೇಲೆ ಟವೆಲ್ ಮುಚ್ಚಿ ಕೇಳಿದೆ."

ಇವಳು ಕೇಳಿದ್ದಾಳೆ. ಕೇಳಿ, ಯಾರಿಗೂ ಹೇಳದೆ ಹೆಸರು ನೋಂದಾಯಿಸಿದ್ದಾಳೆ. ಆಮೇಲೆ ಅದೇ ವಿಡಿಯೊವನ್ನು ನನಗೆ ಕಳಿಸಿ, ಅತ್ತೆಗೆ ರೇಷ್ಮೆ ಸೀರೆ ಉಡಿಸಿ ಇಲ್ಲಿಗೆ ಕರೆತಂದಿದ್ದಾಳೆ. ನನ್ನ ಪಾಠದ ಪದ್ಧತಿಯನ್ನು ಹೀಗೂ ಬಳಸಬಹುದೆಂದು ನನಗೆ ಕನಸಿನಲ್ಲಿಯೂ ಹೊಳೆದಿರಲಿಲ್ಲ. ಅವಳನ್ನು ಕಂಡು ಹೆಮ್ಮೆಪಡಬೇಕೋ ಹೆದರಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

"ನಾನ್ ಬಾಯಲ್ಲಿ ಹೇಳಿದ್ರೆ ನಂಬ್ತಿದ್ರಾ ಅತ್ತೆ?" ಎಂದಳು ಅವಳು. "ಗಂಡನ ಮೇಲೆ ಚಾಡಿ ಹೇಳ್ತಾಳೆ ಅಂತಿದ್ರಿ. ಅದಕ್ಕೇ ನಿಮ್ಮ ಕಿವೀಲೇ ಕೇಳಿಸ್ಕೊಳ್ಲಿ ಅಂತ ಕರ್ಕೊಂಡು ಬಂದೆ. ಇಷ್ಟು ವರ್ಷ ನಿಮ್ಮ ಮೇಲೆ ಸಿಟ್ಟಿಟ್ಕೊಂಡಿದ್ದೆ ನಾನು."

ಅತ್ತೆ ಕುರ್ಚಿಯಲ್ಲಿ ಅವಳ ಕಡೆಗೆ ಬಾಗಿದರು. ನಾನು ಹೊಗಳಿಕೆ ಬರುತ್ತದೆ ಎಂದುಕೊಂಡೆ, ಅಪ್ಪುಗೆ ಬರುತ್ತದೆ ಎಂದುಕೊಂಡೆ.

"ಒಂದೇ ಅಡುಗೆಮನೇಲಿ ಇದ್ವಲ್ಲೇ," ಎಂದರು ಅತ್ತೆ. "ದಿನಾ ಸೊಪ್ಪು ಬಿಡಿಸ್ತಾ ಎದುರಾ ಎದುರು ಕೂರ್ತಿದ್ವಿ. ಒಂದ್ಸಲ, ಒಂದೇ ಒಂದ್ಸಲ, ನೀವು ಬೇಡ ಅಂದ್ರಾ ಅತ್ತೆ ಅಂತ ನನ್ನನ್ನ ಕೇಳ್ಬಾರ್ದಿತ್ತಾ?"

ಅಲ್ಲಿಯವರೆಗೆ ನೆಟ್ಟಗೆ ಕೂತಿದ್ದ ಚಿಕ್ಕಲಸಂದ್ರ ಆಗ ಕುಸಿದಳು. ಆ ಮಾತಿಗೆ ಅವಳು ತಯಾರಾಗಿ ಬಂದಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಅತ್ತೆ ಸಮಾಧಾನ ಮಾಡಲಿಲ್ಲ. ಎದ್ದು, ಕೋಡುಬಳೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಎಲ್ಲರಿಗೂ ಕೊಡಿ ಮೇಡಂ" ಎಂದರು. ಮಗನ ಕಡೆ ತಿರುಗಿ, "ನೀನು ಅಂಗಡಿ ತೆಗಿ ಹೋಗು, ಲೇಟಾಯ್ತು ಅಂದ್ಯಲ್ಲ. ನಾವು ಬಸ್ಸಲ್ಲಿ ಬರ್ತೀವಿ" ಎಂದರು. ಮಗ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದರು.

ಅವಳು ಆ ಪರೀಕ್ಷೆ ಬರೆದಳು, ಪಾಸಾದಳು, ಈಗ ಅದೇ ಶಾಲೆಯಲ್ಲಿದ್ದಾಳೆ. ಅದೆಲ್ಲ ಆಮೇಲಿನ ಮಾತು. ಆ ಮನೆಯೊಳಗೆ ಏನೇನು ಆಯಿತು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಆ ದಿನ ಅವರಿಬ್ಬರೂ ಹೊರಟ ಮೇಲೆ ನಾನು ಕಿಟಕಿಗೆ ಹೋಗಿ ನಿಂತೆ. ಅತ್ತೆ ಸೊಸೆ ಬಸ್ ಸ್ಟಾಪಿನ ಕಡೆಗೆ ಫುಟ್‌ಪಾತಿನಲ್ಲಿ ನಡೆಯುತ್ತಿದ್ದರು, ಇಬ್ಬರ ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟು. ಅತ್ತೆ ಮುಂದೆ ನೋಡಿಕೊಂಡೇ ಹೋಗುತ್ತಿದ್ದರು. ಹೊಂಗೆಮರದ ಹತ್ತಿರ ಚಿಕ್ಕಲಸಂದ್ರ ನಿಂತುಬಿಟ್ಟಳು. ಅತ್ತೆಯೂ ನಿಂತು ತಿರುಗಿದರು. ಅವಳು ಅತ್ತೆಯ ಮುಖ ನೋಡಿ ಏನನ್ನೋ ಕೇಳಿದಳು. ಅಷ್ಟು ಮೇಲಿನಿಂದ ನನಗೆ ಒಂದು ಮಾತೂ ಕೇಳಿಸಲಿಲ್ಲ. ಆದರೆ ಅವಳು ಕೇಳುತ್ತಿದ್ದಾಳೆ ಎನ್ನುವುದು ಕಾಣುತ್ತಿತ್ತು.